ಜಗಳಕ್ಕೆ ಬೇಕಾದ ಕನ್ನಡ

ಕನ್ನಡದ ಎಣಿಕೆಯಲ್ಲಿ ಒಂದು ಸ್ವಾರಸ್ಯವಿದೆ. ಹದಿಮೂರರಿಂದ ಹದಿನೆಂಟರವರೆಗೆ ಮಾತ್ರ ‘ಹದಿ’ ಇರುತ್ತದೆ. ಹತ್ತೊಂಬತ್ತಕ್ಕೆ ಕಾಲಿಟ್ಟ ಕೂಡಲೇ ಅದು ಕಳಚಿಕೊಳ್ಳುತ್ತದೆ. ಈ ಲೆಕ್ಕದಲ್ಲಿ ಹದಿಹರೆಯವೆಂದರೆ ಬರೀ ಆರು ವರ್ಷ. ಮನೆಯಲ್ಲಿ ಆ ವಯಸ್ಸಿನವರು ಇರುವವರಿಗೆ ಅದೆಷ್ಟು ದೀರ್ಘ ಎಂದು ಗೊತ್ತು. ಆದರೆ ನಮ್ಮ ಕಥೆ, ಕಾದಂಬರಿ, ಆತ್ಮಕಥೆಗಳಲ್ಲಿ ಹುಡುಕಿದರೆ ಈ ಆರು ವರ್ಷ ಸುಲಭಕ್ಕೆ ಸಿಗುವುದಿಲ್ಲ. ಮಕ್ಕಳಿದ್ದಾರೆ, ಬೇಕಾದಷ್ಟು. ದೊಡ್ಡವರಂತೂ ಇದ್ದೇ ಇದ್ದಾರೆ. ನಡುವಿನದು ಹೆಚ್ಚಾಗಿ ಒಂದೇ ಜಿಗಿತದಲ್ಲಿ ಮುಗಿದುಹೋಗುತ್ತದೆ.

ಇದನ್ನು ಲೇಖಕರ ಮರೆವು ಎಂದು ತಳ್ಳಿಹಾಕುವ ಮೊದಲು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು (1976) ಮತ್ತೆ ಓದಬೇಕು. ಒಂಬತ್ತು ವರ್ಷಕ್ಕೆ ಮದುವೆ, ಅದರ ಬೆನ್ನಿಗೇ ಹಾವು ಕಚ್ಚಿ ಗಂಡನ ಸಾವು. ಮುಂದೆ ಹುಡುಗಿ ಮೈನೆರೆಯುತ್ತಾಳೆ, ಕ್ಷೌರಿಕನನ್ನು ಕರೆಸಿ ತಲೆ ಬೋಳಿಸುತ್ತಾರೆ. ಹರೆಯ ಬಂತು ಎನ್ನುವುದೇ ಅವಳ ಹರೆಯವನ್ನು ಮುಗಿಸುವುದಕ್ಕೆ ಸಿಕ್ಕ ಮುಹೂರ್ತವಾಗುತ್ತದೆ. ನೂರು ವರ್ಷ ದಾಟಿ ಬದುಕಿದ ಈ ಹೆಣ್ಣಿಗೆ ಹದಿಹರೆಯವೆಂದು ಒಂದು ದಿನವೂ ಸಿಗಲಿಲ್ಲ. ಇಂದಿರಾ ಇದನ್ನು ಗೋಳಾಡದೆ, ಮನೆಯ ಹಿರಿಯರು ಹೇಳಿದ ಸಂಗತಿಯಂತೆ ಹೇಳುತ್ತಾರೆ. ಹಾಗಾಗಿಯೇ ಓದುಗರಿಗೆ ತಡವಾಗಿ, ಹೆಚ್ಚು ಆಳವಾಗಿ ತಾಗುತ್ತದೆ.

ಗಂಡುಹುಡುಗರ ಕಥೆ ಬೇರೆ ದಾರಿ ಹಿಡಿಯುತ್ತದೆ. ಅವರು ಮನೆ ಬಿಟ್ಟು ಹೋಗಬಹುದು. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯ ಹುಡುಗ ಪ್ಲೇಗಿಗೆ ಒಡಹುಟ್ಟಿದವರನ್ನು ಕಳೆದುಕೊಳ್ಳುತ್ತಾನೆ, ತಾಯಿಯನ್ನೂ ಕಳೆದುಕೊಳ್ಳುತ್ತಾನೆ. ಓದು ಬಿಟ್ಟು ಅಲೆಯುತ್ತ ಮುಂಬೈಗೆ ಬಂದು ರೈಲ್ವೆ ನಿಲ್ದಾಣದಲ್ಲಿ ಹಮಾಲಿ ಮಾಡುತ್ತಾನೆ, ಅಲ್ಲಿಂದ ಸಾಧುಗಳ ಗುಂಪು ಸೇರುತ್ತಾನೆ. ಕೊನೆಗೆ ಮತ್ತೆ ಶಾಲೆಯ ಕಡೆ ತಿರುಗುತ್ತಾನೆ. ಮುಂಬೈಯಲ್ಲಿರುವ ಕನ್ನಡಿಗರಿಗೆ ಈ ಪುಟಗಳು ತೀರ ಹತ್ತಿರ. ಆದರೆ ಇಲ್ಲಿಯೂ ಹುಡುಗನಿಗೆ ಹುಡುಗನಾಗಿರಲು ಬಿಡುವಿಲ್ಲ. ಮುಂದಿನ ಊಟ ಎಲ್ಲಿ, ಮುಂದಿನ ತರಗತಿಯ ಶುಲ್ಕ ಎಲ್ಲಿಂದ ಎಂಬ ಲೆಕ್ಕ ಅವನ ಬೆನ್ನು ಬಿಡುವುದಿಲ್ಲ. ‘ಭಿತ್ತಿ’ಯ ಶಕ್ತಿ ಈ ಛಲದಲ್ಲಿದೆ. ಅದರ ಮಿತಿಯೂ ಅದೇ ಅನ್ನಿಸುತ್ತದೆ. ಸೋತು ಸುಮ್ಮನೆ ಕೂತ ಹುಡುಗ ಅಲ್ಲಿ ಹೆಚ್ಚು ಹೊತ್ತು ಕಾಣುವುದಿಲ್ಲ.

ಆ ಸುಮ್ಮನೆ ಕೂರುವ ಹೊತ್ತು ಸಿಕ್ಕಿರುವುದು, ಆಶ್ಚರ್ಯವೆಂದರೆ, ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ. ಮಾಗಡಿ ತಾಲೂಕಿನ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದ ದಲಿತ ಹುಡುಗನಿಗೆ ಮನೆಯಲ್ಲಿ ಏಕಾಂತ ಎಲ್ಲಿಂದ ಬರಬೇಕು? ಅವನು ಸ್ಮಶಾನಕ್ಕೆ ಹೋಗುತ್ತಾನೆ. ಅಲ್ಲಿ ಕೂತು ಓದುತ್ತಾನೆ. ನಾವು ಇದನ್ನು ಕವಿಯ ವಿಚಿತ್ರ ಅಭ್ಯಾಸ ಎಂದು ನಗುತ್ತಾ ಓದಿದ್ದೇವೆ, ಲೇಖಕರೂ ನಗಿಸುತ್ತಲೇ ಬರೆದಿದ್ದಾರೆ. ಆದರೆ ಹದಿಹರೆಯದವರಿಗೆ ಬೇಕಾದ ಮೊದಲ ವಸ್ತು ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ. ಆ ಕೋಣೆ ಇಲ್ಲದವನಿಗೆ ಊರಿನಲ್ಲಿ ಉಳಿದಿರುವ ಒಂದೇ ಖಾಲಿ ಜಾಗ ಸ್ಮಶಾನ. ‘ಹೊಲೆಮಾದಿಗರ ಹಾಡು’ ಬರೆದ ಕವಿಯ ಸಿಟ್ಟಿನ ಹಿಂದೆ ಇಂಥ ಎಳೆಯ ಏಕಾಂತವಿತ್ತು ಎಂಬುದು ‘ಊರುಕೇರಿ’ ಓದದೆ ತಿಳಿಯುವುದಿಲ್ಲ.

ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದು ಮಾತು ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಹದಿಹರೆಯ ತಾನಾಗಿ ಬರುವ ವಯಸ್ಸಾಗಿರಲಿಲ್ಲ. ಜಾತಿ, ಬಡತನ, ಹೆಣ್ಣು-ಗಂಡು ಎಂಬ ಭೇದ ನೋಡಿಕೊಂಡು ಕೆಲವರಿಗೆ ಸಿಕ್ಕುತ್ತಿತ್ತು, ಕೆಲವರು ಕಸಿದುಕೊಳ್ಳಬೇಕಿತ್ತು, ಹಲವರಿಗೆ ಇಲ್ಲವೇ ಇಲ್ಲ. ಪುಸ್ತಕಗಳಲ್ಲಿ ಕಾಣುವ ಆ ಜಿಗಿತ ಬದುಕಿನಲ್ಲೂ ಇದ್ದದ್ದೇ.

ಹಾಗಾದರೆ ಈಗ? ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಫ್ಲಾಟುಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಆ ಆರು ವರ್ಷ ಪೂರ್ತಿ ಸಿಕ್ಕಿದೆ. ಕೋಣೆಯಿದೆ, ಬಾಗಿಲಿದೆ, ಬಾಗಿಲ ಹಿಂದೆ ಫೋನಿದೆ. ಇಲ್ಲದ್ದು ಅವರ ಬಗ್ಗೆ ಬರೆದ ಕನ್ನಡ. ವಲಸೆಯ ಸಾಹಿತ್ಯ ನಮ್ಮಲ್ಲಿ ಬಡವಾಗಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬೈಯ ಕಂಪನಿ ಜಗತ್ತನ್ನು ಕನ್ನಡಕ್ಕೆ ತಂದಿತು, ಜಯಂತ ಕಾಯ್ಕಿಣಿಯವರ ಕಥೆಗಳು ಆ ನಗರದ ಚಾಳು, ಟಾಕೀಸುಗಳನ್ನು ತಂದವು. ಆದರೆ ‘ಶಿಕಾರಿ’ಯ ನಾಗಪ್ಪನನ್ನೇ ನೋಡಿ: ಬಾಲ್ಯದ ನೆನಪೆಲ್ಲ ಉತ್ತರ ಕನ್ನಡದಲ್ಲಿ, ನೌಕರಿಯ ಸಂಕಟವೆಲ್ಲ ಮುಂಬೈಯಲ್ಲಿ. ವಲಸೆ ಬಂದವರ ಕಥನಕ್ಕೆ ಇದು ಸಹಜವಾದ ಆಕಾರ. ನಮ್ಮ ಹರೆಯ ಊರಿನಲ್ಲಿ ಕಳೆಯಿತು, ಕಥೆ ನಗರದಲ್ಲಿ ಶುರುವಾಯಿತು. ನಗರದಲ್ಲೇ ಹುಟ್ಟಿ, ನಗರದಲ್ಲೇ ಹದಿನೈದು ತುಂಬಿದವರಿಗೆ ಆ ಆಕಾರದೊಳಗೆ ಜಾಗವಿಲ್ಲ.

ಇದಕ್ಕೆ ಹತ್ತಿರ ಬಂದದ್ದು ಸಿನಿಮಾ. ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’ (2022) ಆ ವರ್ಷ ಗೋವಾದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇಂಡಿಯನ್ ಪನೋರಮಾದ ಉದ್ಘಾಟನಾ ಚಿತ್ರವಾಗಿತ್ತು. ಕಾಲೇಜಿನ ಹುಡುಗ, ಹುಡುಗಿ ತರಗತಿಯಲ್ಲಿ ತಮ್ಮ ಖಾಸಗಿ ಕ್ಷಣವನ್ನು ಫೋನಿನಲ್ಲಿ ಚಿತ್ರಿಸಿಕೊಳ್ಳುತ್ತಾರೆ, ಅದು ಇಂಟರ್ನೆಟ್ಟಿಗೆ ಹೋಗುತ್ತದೆ. ಆಮೇಲೆ ಕಾಲೇಜಿನ ಆಡಳಿತ, ತಂದೆತಾಯಿ, ಕಾನೂನು, ಜಾತಿ ಎಲ್ಲವೂ ಒಳಗೆ ಬರುತ್ತವೆ. ಹದಿನೇಳಕ್ಕೂ ಹದಿನೆಂಟಕ್ಕೂ ಇರುವ ಒಂದು ವರ್ಷ ಕಾನೂನಿನ ಕಣ್ಣಲ್ಲಿ ಮಗುವಿಗೂ ವಯಸ್ಕರಿಗೂ ಇರುವ ಅಂತರ. ಶೀರ್ಷಿಕೆ ನಿಂತಿರುವುದೇ ಆ ಹೊಸ್ತಿಲ ಮೇಲೆ. ನನಗೆ ಮುಖ್ಯವೆನಿಸಿದ್ದು ಚಿತ್ರದಲ್ಲಿ ಮಾತಾಡುವವರು ಯಾರು ಎಂಬುದು. ಕಥೆ ಮುಂದುವರಿದಂತೆ ದೊಡ್ಡವರ ಮಾತು ಹೆಚ್ಚುತ್ತದೆ, ಆ ಇಬ್ಬರ ಮಾತು ಕಡಿಮೆಯಾಗುತ್ತದೆ. ಅವರ ಬದುಕನ್ನು ಅವರಿಲ್ಲದೆಯೇ ತೀರ್ಮಾನಿಸುವುದನ್ನು ಚಿತ್ರ ಯಾವ ಅಬ್ಬರವೂ ಇಲ್ಲದೆ ತೋರಿಸುತ್ತದೆ.

ನಮ್ಮ ಮನೆಗಳಿಗೂ ಇದು ಅನ್ವಯಿಸುತ್ತದೆ. ಹೊರನಾಡ ಮನೆಯಲ್ಲಿ ಉಳಿದಿರುವ ಕನ್ನಡ ಯಾವುದೆಂದು ಒಮ್ಮೆ ಕಿವಿಗೊಟ್ಟು ಕೇಳಿ. ಏಳು, ಸ್ನಾನ ಮಾಡು, ಊಟಕ್ಕೆ ಬಾ, ಫೋನ್ ಕೆಳಗಿಡು, ಅಜ್ಜಿಗೆ ಮಾತಾಡು. ಬಹುಪಾಲು ಅಪ್ಪಣೆಗಳು. ಮಗಳು ಇದಕ್ಕೆ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ, ಸಿಟ್ಟು ಬಂದರೆ ಹಿಂದಿಯಲ್ಲೋ ಮರಾಠಿಯಲ್ಲೋ. ಅಳು, ಆಸೆ, ಅವಮಾನ, ಮೊದಲ ಪ್ರೀತಿ ಎಲ್ಲಕ್ಕೂ ಅವಳಿಗೆ ಬೇರೆ ಭಾಷೆಯಿದೆ. ಕನ್ನಡ ಅವಳಿಗೆ ಅಪ್ಪ ಅಮ್ಮನ ಭಾಷೆ, ಅಂದರೆ ಬೈಗುಳದ ಭಾಷೆ. ಇದನ್ನು ಭಾಷಾಭಿಮಾನ ಸಾಲದು ಎಂದು ದೂರಿ ಉಪಯೋಗವಿಲ್ಲ. ಯಾವ ಭಾಷೆಯಲ್ಲಿ ತಿರುಗಿ ಮಾತಾಡಲು ಬರುವುದಿಲ್ಲವೋ ಆ ಭಾಷೆಯಲ್ಲಿ ಯಾರೂ ಬೆಳೆಯುವುದಿಲ್ಲ.

ಪತ್ರಿಕೆಗಳಲ್ಲಿ ಹದಿಹರೆಯದ ಬಗ್ಗೆ ಬರುವ ಲೇಖನಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಹೆಚ್ಚಿನವು ತಂದೆತಾಯಿಗೆ ಹೇಳುವ ಬುದ್ಧಿಮಾತು. ಸಾಹಿತ್ಯದಿಂದ ನಾವು ಬಯಸಬೇಕಾದ್ದು ಬೇರೆ: ಹದಿನಾರರ ಹುಡುಗಿ ಅಮ್ಮನ ಮುಂದೆ ನಿಂತು ಕನ್ನಡದಲ್ಲೇ ಜಗಳವಾಡುವ, ಆ ಜಗಳದಲ್ಲಿ ಅವಳ ಮಾತೂ ಸರಿಯಾಗಿರುವ ಒಂದು ಕಥೆ. ಅದರ ಕನ್ನಡದಲ್ಲಿ ನಾಲ್ಕು ಭಾಷೆ ಕಲೆತಿದ್ದರೂ ಚಿಂತೆಯಿಲ್ಲ. ಫಣಿಯಮ್ಮನಿಗೆ ತಲೆಯನ್ನೊಡ್ಡುವುದಲ್ಲದೆ ಮಾತಿಗೆ ಅವಕಾಶವೇ ಇರಲಿಲ್ಲ. ಅವಳ ಕಥೆ ಓದಿ ಕಣ್ಣೊರೆಸಿಕೊಂಡ ನಾವು, ಬಾಯಿ ಇರುವ ಮಕ್ಕಳಿಗೆ ಕೊಡಬಹುದಾದ ಕನ್ನಡ ಯಾವುದು? ನಮ್ಮಲ್ಲಿ ಬರೆಯುವವರು ಇದಕ್ಕೆ ಕೈ ಹಾಕಲಿ. ಅದಕ್ಕೂ ಮೊದಲು, ಈ ಸಂಜೆಯೇ, ಅಪ್ಪಣೆಯಲ್ಲದ ಒಂದು ವಾಕ್ಯವನ್ನು ಮನೆಯಲ್ಲಿ ಕನ್ನಡದಲ್ಲಿ ಆಡಿ, ಬರುವ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳೋಣ.