ಮೊದಲ ವಾರದ ದೂರು

ಕಚೇರಿಯ ಕಂಪ್ಯೂಟರ್‌ಗಳಿಗೆ ಹೊಸ ವಿಂಡೋಸ್ ಹಾಕಿದ ಮೊದಲ ವಾರ ಎಲ್ಲ ಕಡೆಯೂ ಒಂದೇ ಮಾತು. ಸಿಬ್ಬಂದಿ 'ಹಳೇದೇ ಚೆನ್ನಾಗಿತ್ತು' ಅನ್ನುತ್ತಾರೆ. ಮೇಲಿನವರು 'ಒಂದು ತಿಂಗಳು ತಡೀರಿ, ರೂಢಿಯಾಗುತ್ತೆ' ಅನ್ನುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ದೂರು ನಿಂತಿರುತ್ತದೆ, ಮೇಲಿನವರ ಮಾತೇ ಸರಿ ಎಂದು ತೀರ್ಮಾನವಾಗುತ್ತದೆ. ನನ್ನ ತಕರಾರು ಇರುವುದು ಈ ತೀರ್ಮಾನದ ಬಗ್ಗೆ. ಹಿಂದೆ ಒಂದು ಕ್ಲಿಕ್ಕಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಮೂರು ಕ್ಲಿಕ್ ಬೇಕಾದರೆ, ತಿಂಗಳಾದ ಮೇಲೂ ಮೂರೇ ಬೇಕು. ಕೈ ಆ ಸುತ್ತುದಾರಿಗೆ ಒಗ್ಗಿಕೊಂಡಿರುತ್ತದೆ, ಅಷ್ಟೆ. ಏನು ಕಳೆದುಹೋಯಿತು ಎಂಬುದು ನಿಚ್ಚಳವಾಗಿ ಕಾಣುವುದು ಮೊದಲ ವಾರದಲ್ಲಿ ಮಾತ್ರ. ಆ ವಾರದ ಮಾತನ್ನೇ ಸೋಮಾರಿತನ, ಬದಲಾವಣೆಯ ಭಯ ಎಂದು ತಳ್ಳಿಹಾಕುತ್ತಾ ಬಂದಿದ್ದೇವೆ.

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಪರದೆಯ ಕೆಳಗಿನ ಪಟ್ಟಿಯಲ್ಲಿ, ಅಂದರೆ ಟಾಸ್ಕ್‌ಬಾರ್‌ನಲ್ಲಿ, ತೆರೆದ ಪ್ರತಿ ಫೈಲಿನ ಹೆಸರು ಬೇರೆಬೇರೆಯಾಗಿ ಕಾಣುವಂತೆ ಇಟ್ಟುಕೊಳ್ಳುವ ಅವಕಾಶ ಅದುವರೆಗೆ ಇತ್ತು. ಹನ್ನೊಂದರಲ್ಲಿ ಅದನ್ನು ತೆಗೆದುಬಿಟ್ಟರು. ಕೇಳಲು ಸಣ್ಣ ವಿಷಯ. ಆದರೆ ವೇತನ ಬಿಲ್ ಮಾಡುವ ಒಬ್ಬ ದ್ವಿತೀಯ ದರ್ಜೆ ಸಹಾಯಕಿಯ ಮೇಜಿನ ಪಕ್ಕ ನಿಂತು ನೋಡಿ. ನಾಲ್ಕು ಎಕ್ಸೆಲ್ ಫೈಲುಗಳು ತೆರೆದಿರುತ್ತವೆ: ಹಾಜರಾತಿ, ಕಡಿತಗಳ ಪಟ್ಟಿ, ಹೋದ ತಿಂಗಳ ಬಿಲ್, ಈ ತಿಂಗಳ ಬಿಲ್. ಹಿಂದೆ ಹೆಸರು ನೋಡಿ ಒತ್ತಿದರೆ ಫೈಲು ಬರುತ್ತಿತ್ತು. ಹನ್ನೊಂದರ ಮೊದಲ ಆವೃತ್ತಿಯಲ್ಲಿ ನಾಲ್ಕಕ್ಕೂ ಸೇರಿ ಒಂದೇ ಹಸಿರು ಚಿಹ್ನೆ. ಅದರ ಮೇಲೆ ಮೌಸ್ ಇಟ್ಟು ಕಾಯಬೇಕು, ನಾಲ್ಕು ಪುಟ್ಟ ಚಿತ್ರಗಳು ಮೇಲೇಳುತ್ತವೆ, ನಾಲ್ಕರಲ್ಲೂ ಅದೇ ಅಂಕಿಗಳ ಚೌಕುಳಿ. ಹೋದ ತಿಂಗಳ ಬಿಲ್ಲಿಗೂ ಈ ತಿಂಗಳ ಬಿಲ್ಲಿಗೂ ಆ ಗಾತ್ರದಲ್ಲಿ ವ್ಯತ್ಯಾಸವೇ ತಿಳಿಯದು. ಅವಸರದಲ್ಲಿ ತಪ್ಪು ಫೈಲು ಒತ್ತಿ, ಈ ತಿಂಗಳ ಕಡಿತವನ್ನು ಹೋದ ತಿಂಗಳ ಬಿಲ್ಲಿನಲ್ಲಿ ತುಂಬಿದರೆ ಅದನ್ನು ಹುಡುಕಿ ಸರಿಪಡಿಸುವವರೂ ಆಕೆಯೇ. ಈಕೆ 'ಇದು ಸರಿಯಿಲ್ಲ' ಅಂದಾಗ ತನ್ನ ಕೆಲಸದ ಬಗ್ಗೆ ಅತ್ಯಂತ ನಿಖರವಾದ ವರದಿ ಕೊಡುತ್ತಿದ್ದಾಳೆ.

ಈ ವರದಿ ಸರಿಯಾಗಿತ್ತು ಎಂಬುದಕ್ಕೆ ಸಾಕ್ಷಿ ಒದಗಿಸಿದ್ದು ಸ್ವತಃ ಮೈಕ್ರೋಸಾಫ್ಟ್. ಹೆಸರುಗಳನ್ನು ಬಿಡಿಬಿಡಿಯಾಗಿ ತೋರಿಸುವ ಆಯ್ಕೆಯನ್ನು 2023ರಲ್ಲಿ ವಾಪಸ್ ತಂದಿತು. ಫೈಲನ್ನು ಎಳೆದು ಟಾಸ್ಕ್‌ಬಾರ್ ಮೇಲೆ ಹಿಡಿಯುವ ಸೌಲಭ್ಯವನ್ನೂ ಮೊದಲು ಕಿತ್ತು, 2022ರಲ್ಲಿ ಮರಳಿಸಿತ್ತು. ಇದು ಮೊದಲ ಸಲವೂ ಅಲ್ಲ. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನೇ ಮಾಯವಾಗಿತ್ತು. ಕಂಪ್ಯೂಟರ್ ಆಫ್ ಮಾಡುವುದು ಎಲ್ಲಿಂದ ಎಂದು ಜನ ಒಬ್ಬರನ್ನೊಬ್ಬರು ಕೇಳಬೇಕಾಯಿತು. ಆಗಲೂ ಸಿಕ್ಕಿದ ಉತ್ತರ 'ರೂಢಿಯಾಗುತ್ತೆ' ಎಂಬುದೇ. ಮರುವರ್ಷ 8.1ರಲ್ಲಿ ಬಟನ್ ಬಂತು, 2015ರಲ್ಲಿ ವಿಂಡೋಸ್ 10ರ ಜೊತೆ ಮೆನುವೂ ಬಂತು. ಬಳಸುವವರೆಲ್ಲ ಬೇಗ ರೂಢಿ ಮಾಡಿಕೊಂಡು ಸುಮ್ಮನಿದ್ದಿದ್ದರೆ ಇದ್ಯಾವುದೂ ವಾಪಸ್ ಬರುತ್ತಿರಲಿಲ್ಲ.

ನಮ್ಮ ಕಚೇರಿಗಳಲ್ಲಿ ಇದರ ಮೇಲೆ ಕನ್ನಡದ ಪಾಡು ಬೇರೆ. ವರ್ಷಗಟ್ಟಲೆಯ ಟಿಪ್ಪಣಿ, ನಡಾವಳಿ, ಪತ್ರಗಳು 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿವೆ. ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದವರು ಆ ಫಾಂಟುಗಳನ್ನು ಹಾಕದೆ ಹೋಗಿರುತ್ತಾರೆ. ಫೈಲು ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ರಾಶಿ. ಫೋನ್ ಮಾಡಿದರೆ 'ಫೈಲ್ ಕರಪ್ಟ್ ಆಗಿದೆ' ಅನ್ನುವವರೂ ಉಂಟು. ಫೈಲಿಗೆ ಏನೂ ಆಗಿರುವುದಿಲ್ಲ. ಫಾಂಟ್ ಇಲ್ಲ, ಅಷ್ಟೆ. ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಲು ಸ್ಕ್ರೋಲ್ ಲಾಕ್ ಒತ್ತಿ ಅಭ್ಯಾಸವಾದ ಬೆರಳಿಗೆ ಹೊಸ ಲ್ಯಾಪ್‌ಟಾಪಿನಲ್ಲಿ ಆ ಕೀಲಿಯೇ ಸಿಗದು. ಇಷ್ಟು ಹೊತ್ತಿಗೆ ಯೂನಿಕೋಡ್‌ಗೆ ಬದಲಾಗಬೇಕಿತ್ತು ಎನ್ನುವವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಹಳೆಯ ಕಡತಗಳನ್ನು ಪರಿವರ್ತಿಸುವುದು, ಒತ್ತಕ್ಷರ ಮತ್ತು ಅರ್ಕಾವತ್ತು ಎಲ್ಲಿ ಕೆಟ್ಟಿವೆ ಎಂದು ಸಾಲುಸಾಲಾಗಿ ನೋಡುವುದು ದೊಡ್ಡ ಕೆಲಸ. ಅದಕ್ಕೆ ದಿನ, ಜನ ಎರಡನ್ನೂ ಮೊದಲೇ ಗೊತ್ತುಮಾಡದೆ ಒಂದು ಶನಿವಾರ ಸಂಜೆ ಎಲ್ಲ ಯಂತ್ರಗಳನ್ನು ಬದಲಿಸಿ, ಸೋಮವಾರ ಟೈಪಿಸ್ಟರನ್ನು ಹಿಂದುಳಿದವರೆಂದು ಕರೆಯುವುದು ಅನ್ಯಾಯ. ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ ಲೆಕ್ಕ ಇಟ್ಟುಕೊಂಡ ಕಡೆಯಂತೂ ಕಷ್ಟ ಇನ್ನೂ ನೇರ: ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿ ಇತ್ತು, ಅದರಲ್ಲಿ ಹೇಗೋ ನಡೆಸಬಹುದಿತ್ತು. ಹನ್ನೊಂದು 64 ಬಿಟ್‌ನಲ್ಲಿ ಮಾತ್ರ ಬರುತ್ತದೆ, ಅಂಥ ಪ್ರೋಗ್ರಾಮನ್ನು ನೇರವಾಗಿ ತೆರೆಯುವುದೇ ಇಲ್ಲ.

ಹಾಗಾದರೆ ಹಳೆಯದರಲ್ಲೇ ಇರೋಣವೇ? ಇಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರ್‌ಗಳನ್ನು ಕಟ್ಟಿಹಾಕಿತು. ಅದು ನುಗ್ಗಿದ ಕಿಂಡಿಗೆ ತೇಪೆ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಜನರ ದಾಖಲೆ ಇಟ್ಟುಕೊಂಡ ಕಚೇರಿ ಬದಲಾಗಲೇಬೇಕು. ಆದರೆ ಕಿಂಡಿ ಮುಚ್ಚುವುದಕ್ಕೂ ಫೈಲಿನ ಹೆಸರು ಅಡಗಿಸುವುದಕ್ಕೂ ಏನು ಸಂಬಂಧ? ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡುವುದು ಕಂಪನಿಯ ನಿರ್ಧಾರ. ಮೊದಲನೆಯದರ ಹೆಸರು ಹೇಳಿ ಎರಡನೆಯದರ ಬಗ್ಗೆ ಬಾಯಿ ಮುಚ್ಚಿಸುವುದು ಮಾತ್ರ ನಮ್ಮ ಕಚೇರಿಗಳದ್ದೇ ನಿರ್ಧಾರ, ಅದನ್ನು ನಾವೇ ಬಿಡಬಹುದು.

ಬಿಡುವ ಮನಸ್ಸಿದ್ದರೆ ಪ್ರಯೋಗ ಎಲ್ಲಿ ಮಾಡುತ್ತೇವೆ ಎಂಬುದರಿಂದಲೇ ಶುರುಮಾಡಬೇಕು. ಸಾಮಾನ್ಯವಾಗಿ ಹೊಸ ವ್ಯವಸ್ಥೆಯನ್ನು ಮೊದಲು ಹಾಕುವುದು ಕಂಪ್ಯೂಟರ್ ವಿಭಾಗದವರಿಗೆ, ಆಮೇಲೆ ಸಾಹೇಬರ ಕೋಣೆಗೆ. ಒಬ್ಬರಿಗೆ ಯಾವುದೂ ಹೊಸದಲ್ಲ, ಇನ್ನೊಬ್ಬರು ದಿನಕ್ಕೆ ನಾಲ್ಕು ಪತ್ರ ಓದುವವರು. ಇಬ್ಬರೂ 'ತೊಂದರೆ ಇಲ್ಲ' ಎಂದು ಸಹಿ ಹಾಕುತ್ತಾರೆ. ಅದರ ಬದಲು ಟಪಾಲು ಶಾಖೆಯ ಒಂದು ಯಂತ್ರಕ್ಕೆ, ವೇತನ ಶಾಖೆಯ ಇನ್ನೊಂದಕ್ಕೆ ಮೊದಲು ಹಾಕಬೇಕು. ಹಳೆಯ ಯಂತ್ರವನ್ನು ಪಕ್ಕದಲ್ಲೇ ಬಿಟ್ಟಿರಬೇಕು. ಕನಿಷ್ಠ ಒಂದು ಸಂಬಳದ ಬಿಲ್ ಹೊಸದರ ಮೇಲೆ ಪೂರ್ತಿ ತಯಾರಾಗಿ ಖಜಾನೆಗೆ ಹೋಗುವವರೆಗೆ ಉಳಿದವರ ಕಂಪ್ಯೂಟರ್ ಮುಟ್ಟಬಾರದು. ಆ ಅವಧಿಯಲ್ಲಿ ಆ ಎರಡು ಶಾಖೆಯವರು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು, ಉಳಿದ ಯಂತ್ರಗಳಿಗೆ ಹಾಕುವ ಮುಂಚೆ ಸರಿಪಡಿಸಬಹುದಾದ್ದನ್ನು ಸರಿಪಡಿಸಿಕೊಡಬೇಕು.