ಬಿಡುವ ಕಲೆ

ಛಾಯಾಚಿತ್ರವನ್ನು ನೋಡಿ ಬರೆದ ನಿಸರ್ಗಚಿತ್ರವು ಬರಿಯ ನಕಲೆಂಬ ಮಾತನ್ನು ನಾವು ಒಪ್ಪಲಾರೆವು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಫೆಲಿಕ್ಸ್ ವಲ್ಲೊತ್ತೊನ್ (೧೮೬೫–೧೯೨೫) ೧೮೯೯ರಲ್ಲಿ ಫ್ರಾನ್ಸಿನ ಎತ್ರೆತಾ ಕಡಲತೀರದಲ್ಲಿ ಕೊಡಕ್ ಕ್ಯಾಮರಾದಿಂದ ತೆಗೆದ ಛಾಯಾಚಿತ್ರಗಳನ್ನು ಆಧರಿಸಿ ವರ್ಣಚಿತ್ರಗಳನ್ನು ರಚಿಸಿದನು. ಕ್ಯಾಮರಾ ಎಲ್ಲವನ್ನೂ ಹಿಡಿಯಿತು. ಆತನು ಬಹುಪಾಲನ್ನು ಬಿಟ್ಟನು. ದೃಶ್ಯವು ಕೆಲವೇ ಸಪಾಟು ಬಣ್ಣದ ಹರವುಗಳಾಗಿ ನಿಂತಿತು.

ಆದರೆ ಬಿಟ್ಟುದೆಲ್ಲವೂ ಕಲೆಯಾಗದು. ನಮ್ಮ ಕಾಸರಗೋಡಿನ ಬೇಕಲ ಕೋಟೆಯ ಛಾಯಾಚಿತ್ರವನ್ನು ವಿದ್ಯಾರ್ಥಿಯ ಮುಂದಿಡೋಣ. ಮೋಡ, ಹುಲ್ಲು, ಕಲ್ಲುಗಳ ಸಂದು ಇವನ್ನು ಅವನು ಬಿಡಲಿ. ಕಡಲಿಗೆ ಚಾಚಿದ ಕೊತ್ತಳವನ್ನೂ ಬಿಟ್ಟರೆ ಉಳಿಯುವುದು ಹೆಸರಿಲ್ಲದ ಯಾವುದೋ ತೀರ. ಸರಳತೆಯನ್ನು ಗೆರೆಗಳ ಎಣಿಕೆಯಿಂದ ಅಳೆಯಲಾಗದು. ಊರಿನವನು ಕಂಡೊಡನೆ ‘ಇದು ನಮ್ಮದು’ ಎನ್ನುವನೇ? ಗಡಿನಾಡಿನ ಉಪಾಧ್ಯಾಯರಾದ ನಮಗೆ ಇದೇ ಒರೆಗಲ್ಲು.