ಬಾಯಿ ಮುಚ್ಚಿಕೊಂಡಿರಬಲ್ಲ ಕಿವಿ

ನ್ಯೂಜೆರ್ಸಿಯ ನಮ್ಮೂರಿನ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗಲೆಲ್ಲ ನನ್ನ ಮೊದಲ ರಾಡಾರ್ ಡಿಟೆಕ್ಟರ್ ಕಿರುಚಿಕೊಳ್ಳುತ್ತಿತ್ತು. ಅಲ್ಲಿ ಪೊಲೀಸರ ಸುಳಿವೂ ಇರಲಿಲ್ಲ, ಇದ್ದದ್ದು ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲು. ಆ ಬಾಗಿಲ ನೆತ್ತಿಯ ಮೇಲಿನ ಪುಟ್ಟ ಡಬ್ಬಿಯೂ ಹೆದ್ದಾರಿ ಪೊಲೀಸನ ಕೈಯ ವೇಗ ಅಳೆಯುವ ಗನ್ನೂ ದಾಯಾದಿಗಳು, ಎರಡೂ ಒಂದೇ ಬಗೆಯ ಅಲೆ ಬಿಡುತ್ತವೆ. ತಿಂಗಳೊಪ್ಪತ್ತಿನಲ್ಲಿ ಬೇಸತ್ತು ಅದರ ಸದ್ದು ಅಡಗಿಸಿದೆ. ಮುಂದೊಂದು ಭಾನುವಾರ ನಿಜವಾದ ಪೊಲೀಸನೇ ಹಿಂದೆ ಬಂದು ಕೆಂಪು-ನೀಲಿ ದೀಪ ಹಾಕಿದಾಗ, ಡಿಟೆಕ್ಟರ್ ಅರ್ಧ ನಿಮಿಷದಿಂದ ಮಿಣುಕುತ್ತಲೇ ಇತ್ತೆಂದು ಹೆಂಡತಿ ಹೇಳಿದಳು. ಎಲೆ ಉದುರಿದರೂ ಬೊಗಳುವ ನಾಯಿಯನ್ನು ಸಾಕಿದವನಿಗೆ ಕಳ್ಳ ಬಂದ ರಾತ್ರಿಯೂ ನಿದ್ದೆ ಚೆನ್ನಾಗಿಯೇ ಬರುತ್ತದೆ.

ಆಮೇಲೆ ಇನ್ನೆರಡು ಕೊಂಡಿದ್ದೇನೆ, ಗೆಳೆಯರ ಕಾರುಗಳಲ್ಲಿ ಹಲವನ್ನು ನೋಡಿದ್ದೇನೆ. ಕೊಳ್ಳುವವರೆಲ್ಲ ಮೊದಲು ಕೇಳುವುದು, "ಎಷ್ಟು ದೂರದಿಂದ ಹಿಡಿಯುತ್ತದೆ?" ಮಾರುವವರೂ ಅದನ್ನೇ ಡಂಗುರ ಹೊಡೆಯುತ್ತಾರೆ. ಆದರೆ ಇವತ್ತಿನ ರಸ್ತೆಯಲ್ಲಿ ನಾವು ದುಡ್ಡು ಕೊಡಬೇಕಾದದ್ದು ಕಿವಿಯ ಚುರುಕಿಗಲ್ಲ, ಮೌನಕ್ಕೆ.

ಕಿವಿ ಹೇಗೂ ಚುರುಕಾಗಿಯೇ ಇರುತ್ತದೆ. ಪೊಲೀಸನ ಗನ್ ಬಿಟ್ಟ ಅಲೆ ನಮ್ಮ ಕಾರಿಗೆ ಬಡಿದು ಮತ್ತೆ ಅವನವರೆಗೆ ಹಿಂದಿರುಗಬೇಕು, ಡಿಟೆಕ್ಟರಿಗೋ ಹೋಗುವ ದಾರಿಯ ಅಲೆಯೇ ಸಾಕು. ದೂರ ಇಮ್ಮಡಿಯಾದರೆ ನಮಗೆ ಸಿಗುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಅವನಿಗೆ ಮರಳುವ ಪ್ರತಿಧ್ವನಿ ಹದಿನಾರನೇ ಒಂದಕ್ಕೆ. ಆದ್ದರಿಂದ ಅವನು ಅಳೆಯುವ ಮೊದಲೇ ನಾವು ಕೇಳುತ್ತೇವೆ. ಅವನು ಅಳೆಯುವುದು ಡಾಪ್ಲರ್ ಪರಿಣಾಮವನ್ನು, 1842ರಲ್ಲಿ ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ಜೋಡಿನಕ್ಷತ್ರಗಳ ಬಣ್ಣದ ವಿಚಾರದಲ್ಲಿ ಹೇಳಿದ್ದನ್ನೇ. ಗಂಟೆಗೆ 60 ಮೈಲಿಯಲ್ಲಿ ಬರುವ ಕಾರು 34.7 ಗಿಗಾಹರ್ಟ್ಸ್‌ನ ಅಲೆಯನ್ನು ಸುಮಾರು 6,200 ಹರ್ಟ್ಸ್‌ನಷ್ಟು ಏರಿಸಿ ವಾಪಸು ಕಳಿಸುತ್ತದೆ. ಆ ವ್ಯತ್ಯಾಸ ಮನುಷ್ಯನ ಕಿವಿಗೆ ನಿಲುಕುವ ಸ್ವರ. ನುರಿತ ಪೊಲೀಸರು ಆ ಸಿಳ್ಳೆಯ ಏರಿಳಿತದಲ್ಲೇ ವೇಗವನ್ನು ಅಂದಾಜು ಮಾಡಬಲ್ಲರು. ಶ್ರುತಿಜ್ಞಾನ ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೋ ನೋಡಿ!

ಈ ಆಟದ ಚರಿತ್ರೆಯೂ ಸ್ವಾರಸ್ಯದ್ದೇ. ಓಹಾಯೋದ ಡೇಟನ್ನಿನ ಡೇಲ್ ಸ್ಮಿತ್ ರಾಡಾರಿಗೆ ಸಿಕ್ಕಿ ದಂಡ ತೆತ್ತ ಸಿಟ್ಟಿನಲ್ಲಿ 'ಫಝ್‌ಬಸ್ಟರ್' ಕಟ್ಟಿದ. 1974ರಲ್ಲಿ ಇಡೀ ಅಮೆರಿಕಕ್ಕೆ 55 ಮೈಲಿಯ ಮಿತಿ ಬಂದದ್ದೇ ತಡ, ಅದು ಬಿಸಿ ದೋಸೆಯಂತೆ ಖರ್ಚಾಯಿತು. ಸಿನ್ಸಿನಾಟಿಯ ಇಬ್ಬರು ಎಂಜಿನಿಯರುಗಳಿಗೆ, ಜಿಮ್ ಯೇಗರ್ ಮತ್ತು ಮೈಕ್ ವ್ಯಾಲೆಂಟೈನ್‌ಗೆ, ಅದು ಕಚ್ಚಾ ಸರಕೆನಿಸಿತು. 1978ರಲ್ಲಿ ಅವರು 'ಎಸ್ಕಾರ್ಟ್' ತಂದರು. ಒಳ್ಳೆಯ ರೇಡಿಯೋಗಳಲ್ಲಿರುವ ಸೂಪರ್‌ಹೆಟಿರೋಡೈನ್ ವಿಧಾನ ಅದರೊಳಗಿತ್ತು. ಮುಂದೆ ವ್ಯಾಲೆಂಟೈನ್ ಬೇರೆಯಾಗಿ 1992ರಲ್ಲಿ 'ವ್ಯಾಲೆಂಟೈನ್ ಒನ್' ಮಾಡಿದರು. ಮುಂದೆ ನೋಡುವ ಆಂಟೆನಾ ಒಂದು, ಹಿಂದೆ ನೋಡುವುದು ಇನ್ನೊಂದು, ಅಲೆ ಯಾವ ದಿಕ್ಕಿನದೆಂದು ತೋರಿಸುವ ಕೆಂಪು ಬಾಣಗಳು. ಡಿಟೆಕ್ಟರ್ ಅರಚುವುದನ್ನು ಬಿಟ್ಟು ಮಾತಾಡಲು ಕಲಿತದ್ದು ಆಗ ಎನ್ನುತ್ತೇನೆ.

ಈಗ ಬ್ಯಾಂಡುಗಳ, ಅಂದರೆ ಈ ಅಲೆಗಳ ಆವರ್ತನದ ಪಟ್ಟಿಗಳ ವಿಷಯ. 10.525 ಗಿಗಾಹರ್ಟ್ಸ್‌ನ ಎಕ್ಸ್ ಬ್ಯಾಂಡ್ ಮುದುಕಾಗಿದೆ. ನ್ಯೂಜೆರ್ಸಿ, ಓಹಾಯೋಗಳಲ್ಲಿ ಅದು ಬಹುಕಾಲ ಉಳಿದಿತ್ತು, ಉಳಿದ ಕಡೆ ಆರಿಸಿಟ್ಟರೆ ನಷ್ಟವಿಲ್ಲ. ಪೊಲೀಸರ ಇಂದಿನ ಮುಖ್ಯ ಆಯುಧ ಕೆಎ ಬ್ಯಾಂಡ್, 33.8, 34.7, 35.5ರ ಆಸುಪಾಸಿನಲ್ಲಿ. ಆ ಎತ್ತರದಲ್ಲಿ ಬೇರೆ ಗದ್ದಲ ಕಡಿಮೆ, ಅಲ್ಲಿ ಸದ್ದಾಯಿತೆಂದರೆ ಕಾಲು ಬ್ರೇಕಿನತ್ತ ಹೋಗುವುದು ಒಳ್ಳೆಯದು. ತಂಟೆಯೆಲ್ಲ 24.150ರ ಕೆ ಬ್ಯಾಂಡಿನದು. ಪೊಲೀಸರು ಅಲ್ಲೂ ಇದ್ದಾರೆ, ಅಂಗಡಿಯ ಬಾಗಿಲೂ ಅಲ್ಲೇ, "ನಿಮ್ಮ ವೇಗ ಇಷ್ಟು" ಎಂದು ತೋರಿಸುವ ರಸ್ತೆಬದಿಯ ಫಲಕವೂ ಅಲ್ಲೇ. ಅದೂ ಸಾಲದೆಂಬಂತೆ, ಪಕ್ಕದ ಲೇನಿನ ಕಾರನ್ನು ಕನ್ನಡಿಯಲ್ಲಿ ತೋರಿಸುವ ಬ್ಲೈಂಡ್ ಸ್ಪಾಟ್ ಸೆನ್ಸರುಗಳು ಸಾವಿರಾರು ಕಾರುಗಳಲ್ಲಿ ಬಂದು ಇದೇ 24ರ ಸುತ್ತ ಕೂತವು. ಹೊಸ ಕಾರುಗಳು 77 ಗಿಗಾಹರ್ಟ್ಸ್‌ಗೆ ಏರುತ್ತಿವೆ, ಹಳೆಯವು ಇನ್ನೂ ಓಡುತ್ತಲೇ ಇವೆ. ಅಂಥದೊಂದರ ಹಿಂದೆ ಹತ್ತು ಮೈಲಿ ಓಡಿಸಿ ನೋಡಿ, ಅಗ್ಗದ ಡಿಟೆಕ್ಟರಿನ ಯೋಗ್ಯತೆ ಪೂರಾ ತಿಳಿಯುತ್ತದೆ.

ಕಾರಿನ ಸೆನ್ಸರಿನ ಅಲೆ ಯಾವುದು, ಗನ್ನಿನದು ಯಾವುದು ಎಂದು ಬೇರ್ಪಡಿಸುವ ಜಾಣ್ಮೆ ಇರುವುದು ಸಾಫ್ಟ್‌ವೇರಿನಲ್ಲಿ. ಆದ್ದರಿಂದ ಆಗಾಗ ಅಪ್‌ಡೇಟ್ ಆಗದ ಉಪಕರಣವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ನೂರು ಡಾಲರಿನ ಕೆಳಗಿನವಂತೂ ಅಲಂಕಾರಕ್ಕೆ ಮಾತ್ರ. ಯುನಿಡೆನ್ ಆರ್3 ಮಧ್ಯಮ ಬೆಲೆಯಲ್ಲಿ ದೂರಶ್ರವಣವನ್ನೂ ಜಿಪಿಎಸ್ಸನ್ನೂ ಕೊಟ್ಟು ಮಾರುಕಟ್ಟೆಯ ಮುಖವನ್ನೇ ಬದಲಿಸಿತು. ಬಾಗಿಲಿನ ಜಾಗವನ್ನು ಒಂದು ಗುಂಡಿ ಒತ್ತಿ ನೆನಪಿಗೆ ಹಾಕಿದರೆ ಮತ್ತೆ ಅಲ್ಲಿ ತೆಪ್ಪಗಿರುತ್ತದೆ. ಎಸ್ಕಾರ್ಟಿನ ಮೇಲ್ದರ್ಜೆಯವು ಅಷ್ಟೂ ಶ್ರಮ ಕೊಡುವುದಿಲ್ಲ, ಒಂದೇ ಜಾಗದಲ್ಲಿ ಅದೇ ಅಲೆ ಪದೇ ಪದೇ ಕೇಳಿದರೆ ತಾವೇ ಕಲಿತು ಸುಮ್ಮನಾಗುತ್ತವೆ. 2020ರಲ್ಲಿ ಬಂದ ವ್ಯಾಲೆಂಟೈನ್‌ನ ಎರಡನೇ ತಲೆಮಾರಿನಲ್ಲಿ ಬಾಣಗಳ ಸೊಗಸು ಹಾಗೇ ಇದೆ, ಒಳಗೆ ಜಿಪಿಎಸ್ ಮಾತ್ರ ಇಲ್ಲ. ಆ ಕೆಲಸಕ್ಕೆ ಫೋನಿನ ಆ್ಯಪ್ ಜೋಡಿಸಬೇಕು. ಅದ್ಭುತ ಎಂಜಿನಿಯರಿಂಗ್, ಆದರೆ ಮದುವೆ ಮನೆಗೆ ಬಂದ ಹಿರಿಯರ ಬಿಗುಮಾನವೂ ಸ್ವಲ್ಪ ಇದೆ.

ದಿನಾ ಅದೇ ದಾರಿಯಲ್ಲಿ ಆಫೀಸಿಗೆ ಹೋಗುವವರಿಗೆ ತಾನೇ ಕಲಿಯುವ ಡಿಟೆಕ್ಟರ್ ಸಾಕು. ಅಪರಿಚಿತ ಹೆದ್ದಾರಿಗಳಲ್ಲಿ ದೂರ ಓಡಿಸುವವರಿಗೆ ಕಲಿಕೆಯ ಲಾಭವಿಲ್ಲ, ಅವರು ಬಾಣಕ್ಕೆ ಖರ್ಚು ಮಾಡಲಿ. ದೂರದಿಂದ ಕೇಳುವ ಗುಣವನ್ನು ನಾನು ಪೂರಾ ತಳ್ಳಿಹಾಕುವುದಿಲ್ಲ. ಚಾಣಾಕ್ಷ ಪೊಲೀಸರು ಗನ್ನನ್ನು ಸುಮ್ಮನೆ ಹಿಡಿದು ಕೂತು ಕಾರು ಹತ್ತಿರ ಬಂದಾಗಷ್ಟೇ ಕ್ಷಣಮಾತ್ರ ಒತ್ತುತ್ತಾರೆ. ಆಗ ನಮ್ಮನ್ನು ಉಳಿಸುವುದು ಮೈಲಿ ಮುಂದಿರುವ ಯಾರದೋ ಕಾರಿಗೆ ಬಿಟ್ಟ ಅಲೆಯ ಚೂರು. ಅದನ್ನು ಹೆಕ್ಕಲು ಸೂಕ್ಷ್ಮ ಕಿವಿ ಬೇಕು. ಆದರೆ ಬೆಳಿಗ್ಗೆಯಿಂದ ಇಪ್ಪತ್ತು ಸಲ ಸುಳ್ಳು ಕೂಗಿದ ಕಿವಿ ಆ ಒಂದು ಚೂರನ್ನು ಹೆಕ್ಕಿ ಕೊಟ್ಟರೆ ನಂಬುವವರು ಯಾರು?

ಲೇಸರ್ ವಿಚಾರಕ್ಕೆ ಬಂದರೆ ಪೆಟ್ಟಿಗೆಯ ಮೇಲೆ ಬರೆದಿರುವುದು ಬಹುಪಾಲು ಸಮಾಧಾನದ ಮಾತು. ಲೇಸರ್ ಗನ್ನಿನ 904 ನ್ಯಾನೊಮೀಟರಿನ ಕಣ್ಣಿಗೆ ಕಾಣದ ಕಿರಣ 300 ಮೀಟರ್ ದೂರದಲ್ಲೂ ಸುಮಾರು ಒಂದು ಮೀಟರಿನಷ್ಟೇ ಹರಡುತ್ತದೆ. ನಂಬರ್ ಪ್ಲೇಟಿಗೆ ಗುರಿಯಿಟ್ಟು ಅರ್ಧ ಸೆಕೆಂಡಿನೊಳಗೆ ವೇಗ ಓದಿಬಿಡಬಹುದು. ನಮ್ಮ ಡಿಟೆಕ್ಟರ್ "ಲೇಸರ್!" ಎಂದು ಕೂಗುವುದು ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಇನ್ನು ಹಿಂದೆಯೇ ಬಂದು ಸ್ಪೀಡಾಮೀಟರ್ ನೋಡಿ ಹಿಡಿಯುವವರಿಗೂ, ವಿಮಾನದಿಂದ ರಸ್ತೆಯ ಬಿಳಿ ಗೆರೆಗಳ ನಡುವಿನ ಸಮಯ ಅಳೆಯುವವರಿಗೂ ಅಲೆಯ ಹಂಗೇ ಇಲ್ಲ.

ಮೌನಕ್ಕೆ ಇನ್ನೊಂದು ಅರ್ಥವೂ ಇದೆ. ಸೂಪರ್‌ಹೆಟಿರೋಡೈನ್ ಉಪಕರಣ ಕೇಳಲಿಕ್ಕಾಗಿ ತನ್ನೊಳಗೇ ಒಂದು ಅಲೆ ಹುಟ್ಟಿಸುತ್ತದೆ, ಅದು ಅಷ್ಟಿಷ್ಟು ಹೊರಗೆ ಸೋರುತ್ತದೆ. ಆ ಸೋರಿಕೆಯನ್ನು ಹಿಡಿಯಲು ಪೊಲೀಸರ ಬಳಿ 'ಸ್ಪೆಕ್ಟರ್' ಎಂಬ ಪ್ರತಿಡಿಟೆಕ್ಟರ್ ಇದೆ! ಕದ್ದು ಕೇಳುವವನ ಉಸಿರನ್ನು ಕದ್ದು ಕೇಳುವ ವಿದ್ಯೆ. ಡಿಟೆಕ್ಟರ್ ಕಾನೂನುಬದ್ಧವಾಗಿರುವ ಕಡೆ ಇದು ಬರೀ ತಮಾಷೆ. ನಿಷೇಧವಿರುವ ವರ್ಜೀನಿಯಾ, ವಾಷಿಂಗ್ಟನ್ ಡಿ.ಸಿ., ಕೆನಡಾದ ಒಂಟಾರಿಯೊಗಳಲ್ಲಿ ತಮಾಷೆಯಲ್ಲ. ಹತ್ತು ಸಾವಿರ ಪೌಂಡ್ ಮೀರಿದ ವಾಣಿಜ್ಯ ವಾಹನಗಳಿಗಂತೂ ಅಮೆರಿಕದಲ್ಲಿ ಎಲ್ಲೂ ಅನುಮತಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡಿಟೆಕ್ಟರಿಗೆ ಅಡ್ಡಿಯಿಲ್ಲ, ಮುಂಗಾಜಿಗೆ ಅಂಟಿಸುವಂತಿಲ್ಲ, ಅಷ್ಟೆ.

ನ್ಯೂಜೆರ್ಸಿಯ ಬೃಂದಾವನ ಕನ್ನಡ ಕೂಟದ ನಮ್ಮಂಥವರು ವಾಷಿಂಗ್ಟನ್ ಸುತ್ತಿನ ಕಾವೇರಿ ಕನ್ನಡ ಸಂಘದ ನೆಂಟರ ಮನೆಗೆಂದು ಐ-95ರಲ್ಲಿ ದಕ್ಷಿಣಕ್ಕೆ ಹೊರಟಾಗ ಮರೆಯಬಾರದ್ದು ಇದೇ. ವರ್ಜೀನಿಯಾದಲ್ಲಿ ಡಿಟೆಕ್ಟರಿಗೆ ಕರೆಂಟೂ ಇರಬಾರದು, ಕಾರಿನಲ್ಲಿ ಕೂತವರ ಕೈಗೆ ನಿಲುಕುವಂತೆಯೂ ಇರಬಾರದು. ಮೇಲಾಗಿ ಅಲ್ಲಿ ಮಿತಿಗಿಂತ 20 ಮೈಲಿ ಜಾಸ್ತಿ ಅಥವಾ 85 ದಾಟಿ ಓಡಿಸಿದರೆ ಅದು 'ರೆಕ್‌ಲೆಸ್ ಡ್ರೈವಿಂಗ್' ಎಂಬ ಕ್ರಿಮಿನಲ್ ಅಪರಾಧ. ವೀಸಾದ ಮೇಲೆ ಬದುಕುವವರಿಗೆ ಆ ಪದದ ತೂಕ ಬಿಡಿಸಿ ಹೇಳಬೇಕಿಲ್ಲ. ನನ್ನದು ಮೇರಿಲ್ಯಾಂಡಿನಲ್ಲೇ ಡಿಕ್ಕಿ ಸೇರುತ್ತದೆ, ಚಕ್ಕುಲಿ ಡಬ್ಬದ ಕೆಳಗೆ. ಅಲ್ಲಿಂದ ಮುಂದೆ ನನ್ನಷ್ಟು ಸಭ್ಯ ಚಾಲಕ ಇನ್ನೊಬ್ಬನಿಲ್ಲ. ಹಾಗಾದರೆ ಉಳಿದ ದಾರಿಯಲ್ಲಿ ನಾನೇನು ಎಂದು ಮಗಳು ಕೇಳಿದ್ದುಂಟು. ಈವರೆಗೆ ಉತ್ತರ ಕೊಟ್ಟಿಲ್ಲ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಮಿತಿ ಬಿಗಿಯಾದ ಮೇಲೆ ಭಾವನವರು, "ಬರುವಾಗ ಅಂಥದೊಂದು ತಂದುಕೊಡಿ" ಎಂದರು. ತರಲಿಲ್ಲ. ಅಲ್ಲಿ ನಂಬರ್ ಪ್ಲೇಟ್ ಓದುವುದು ಕಂಬದ ಮೇಲಿನ ಕ್ಯಾಮೆರಾ, ಪೊಲೀಸರ ಕೈಯಲ್ಲಿರುವುದು ಹೆಚ್ಚಾಗಿ ಲೇಸರ್ ಗನ್. ಎಷ್ಟು ಡಾಲರ್ ಸುರಿದರೂ ಈ ಪೆಟ್ಟಿಗೆ ಅವರಿಗೆ ಉಪಯೋಗವಿಲ್ಲ, ಜತೆಗೆ ಕಸ್ಟಮ್ಸಿನಲ್ಲಿ ರೇಡಿಯೋ ಉಪಕರಣದ ಬಗ್ಗೆ ಜವಾಬು ಹೇಳುವ ಫಜೀತಿ ಬೇರೆ.

ಆ ಸಲ ಹಾಸನದ ಕಡೆ ಹೊರಟಿದ್ದೆವು, ಒಳದಾರಿ. ಭಾವ ಜೋರಾಗಿಯೇ ಓಡಿಸುತ್ತಿದ್ದರು. ಎದುರಿನಿಂದ ಬಂದ ಲಾರಿಯೊಂದು ಎರಡು ಸಲ ಹೆಡ್‌ಲೈಟ್ ಮಿಣುಕಿಸಿ ದಾಟಿಹೋಯಿತು. ಅವರು ಮಾತಾಡದೆ ವೇಗ ಇಳಿಸಿ, ಬಿಚ್ಚಿಟ್ಟಿದ್ದ ಸೀಟ್ ಬೆಲ್ಟನ್ನೂ ಎಳೆದುಕೊಂಡರು. ತಿರುವು ದಾಟಿದರೆ ಪೊಲೀಸರಿರಲಿಲ್ಲ, ರಸ್ತೆಯ ತುಂಬ ಎಮ್ಮೆಗಳು ನಿಂತಿದ್ದವು.